ಕಲ್ಲು ಮೊದಲೋ, ಕಾಶಿ ಮೊದಲೋ

ಹೊಸಪೇಟೆ ಸೀಮೆಯಲ್ಲಿ ಕಿಡ್ನಿ ಕಲ್ಲು ಅಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ತಮಗೆ ಬಂದಿರದಿದ್ದರೆ ಅಣ್ಣನಿಗೋ ಭಾವನಿಗೋ ಬಂದುಹೋಗಿರುತ್ತದೆ. ಮದ್ದು ಹೇಳುವವರು ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತಾರೆ. ಆದರೆ ಕಲ್ಲು ಒಳಗಿರುವಾಗಲೇ ದೂರದ ಪ್ರಯಾಣದ ದಿನ ಹತ್ತಿರ ಬಂದರೆ ಏನು ಮಾಡಬೇಕು? ಚಿಕಿತ್ಸೆ ಮುಗಿಸಿ ಹೋಗಬೇಕೋ, ಹೋಗಿಬಂದು ಚಿಕಿತ್ಸೆ ಮಾಡಿಸಬೇಕೋ, ಪ್ರಯಾಣವನ್ನೇ ಬಿಡಬೇಕೋ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಅದಕ್ಕೇ ಇದನ್ನು ಇಬ್ಬರ ಮಾತಾಗಿ ಬರೆದಿದ್ದೇನೆ.

ಒಬ್ಬರು ಕಂಪ್ಲಿ ಕಡೆಯ ಭತ್ತದ ರೈತರು, ಅರವತ್ತು ದಾಟಿದವರು, ಬಿ.ಪಿ. ಗುಳಿಗೆ ನುಂಗುವವರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಸಂಡೂರು ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸ್. ರೈತರ ಎಡಗಡೆಯ ಮೂತ್ರನಾಳದಲ್ಲಿ 6 ಮಿಲಿಮೀಟರ್ ಕಲ್ಲಿದೆ. ಊರಿನವರ ಜೊತೆ ಪ್ರಯಾಗ, ಕಾಶಿ, ಗಯಾ ಯಾತ್ರೆಗೆ ಅವರಿಗೂ ಅವರ ಹೆಂಡತಿಗೂ ಟಿಕೆಟ್ ಆಗಿದೆ. ಕಾರ್ತಿಕದಲ್ಲಿ ಹೊರಡುವುದು, ಇನ್ನು ಐದು ವಾರ ಉಳಿದಿದೆ. ಹೊಸಪೇಟೆಯಲ್ಲಿ ಸ್ಕ್ಯಾನಿಂಗ್ ಮುಗಿಸಿಕೊಂಡು ಆಕೆಯ ಮನೆಗೆ ಬಂದು ಕುಳಿತಿದ್ದಾರೆ.

ರೈತ: ನೋವು ನಿಂತು ಹತ್ತು ದಿನ ಆತು. ಊಟ ಸೇರತೈತಿ, ನಿದ್ದಿ ಬರತೈತಿ. ಮೊನ್ನೆ ಗದ್ದಿಗೆ ನಿಂತು ಗೊಬ್ಬರ ಹಾಕಿಸಿ ಬಂದೀನಿ. ನೀನು ಯಾಕ ಇಷ್ಟು ಮುಖ ಸಣ್ಣ ಮಾಡ್ಕೊಂಡೀಯವ್ವ?

ನರ್ಸ್: ನೋವು ಹೋಗೈತಿ ಮಾವ, ಕಲ್ಲು ಹೋಗಿಲ್ಲ. ಇವತ್ತಿನ ಸ್ಕ್ಯಾನಿಂಗ್‌ನಾಗೂ ಅಲ್ಲೇ ಐತಿ, ಕಿಡ್ನಿ ಸ್ವಲ್ಪ ಊದೈತಿ ಅಂತನೂ ಬರ್ದಾರ. ನನಗ ಚಿಂತಿ ಅದೇ. ನೋವು ಇದ್ದಾಗ ನೀವೇ ಓಡಿ ಬರ್ತೀರಿ. ನೋವು ಇಲ್ಲದಾಗ ಕಲ್ಲು ಸುಮ್ನ ಕುಂತು ಕಿಡ್ನಿ ಕೆಡಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ.

ರೈತ: ನೋವು ಇಲ್ಲದ ಕೇಡೂ ಇರತೈತೇನು?

ನರ್ಸ್: ಇರತೈತಿ. ಕಲ್ಲು ಒಮ್ಮಿಗೇ ನಾಳಕ್ಕ ಸಿಕ್ಕೊಂಡಾಗ ಮೂತ್ರ ಹಿಂದಕ್ಕ ನಿಂತು ಒತ್ತಡ ಏರತೈತಿ, ಆ ಒತ್ತಡಕ್ಕೇ ಆ ಪರಿ ನೋವು. ಆಮ್ಯಾಲ ದಿನ ಕಳದಂಗ ಕಿಡ್ನಿ ಕೆಲಸಾನೇ ಕಡಿಮಿ ಮಾಡತೈತಿ, ಒತ್ತಡ ಇಳೀತೈತಿ, ನೋವೂ ಇಳೀತೈತಿ. ಮನಿಷಾ ಆರಾಮ ಆದೆ ಅಂದ್ಕೊಳ್ತಾನ. ವಾರಗಟ್ಟಲೆ, ತಿಂಗಳುಗಟ್ಟಲೆ ಹಂಗ ಬಿಟ್ರ ಆ ಕಡಿ ಕಿಡ್ನಿ ಪೂರಾ ಕೈಬಿಟ್ಟ ಮಂದೀನ ನಾನು ವಾರ್ಡಿನಾಗ ನೋಡೀನಿ.

ರೈತ: ಕಾಲುವಿಗೆ ಕಸ ಸಿಕ್ಕಂಗ ಅನ್ನು. ಮ್ಯಾಲಿನ ಏರಿ ದಿನಾ ನೆನೀತಿರತೈತಿ, ಒಡೆಯೋತನಕ ಯಾರೂ ಆ ಕಡಿ ನೋಡಂಗಿಲ್ಲ. ಅದು ನನಗ ತಿಳೀತೈತಿ. ಆದ್ರ ಡಾಕ್ಟರ್ ಕಾಯಬೌದು ಅಂದ್ರಲ್ಲ? ನಿನ್ನ ಮುಂದನ ಅಂದ್ರು.

ನರ್ಸ್: ಅಂದ್ರು. ಸುಳ್ಳು ಹೇಳಂಗಿಲ್ಲ. 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹಳಷ್ಟು ಸಲ ತಾನೇ ಬೀಳತೈತಿ. 5ರಿಂದ 10ರ ನಡುವಿಂದು ಹತ್ರ ಹತ್ರ ಅರ್ಧ ಮಂದಿಗೆ ಬೀಳತೈತಿ. ನಿಮ್ಮದು ನಾಳದ ಕೆಳತುದಿಗೆ, ಮೂತ್ರಚೀಲದ ಸಮೀಪ ಬಂದೈತಿ. ಅದು ಒಳ್ಳೇದೇ. ನಾಳ ಸಡಿಲ ಆಗಲಿ ಅಂತ ಟಾಮ್ಸುಲೋಸಿನ್ ಗುಳಗಿ ಕೊಟ್ಟಾರ. ಜ್ವರ ಇಲ್ಲ, ಬಲಗಡಿ ಕಿಡ್ನಿ ಚಲೋ ಐತಿ, ರಕ್ತದ ಕ್ರಿಯಾಟಿನಿನ್ ಸರಿ ಐತಿ. ಅದಕ್ಕ ಇನ್ನು ಎರಡು, ಮೂರು ವಾರ ನೋಡೂಣು ಅಂದ್ರು.

ರೈತ: ಹಂಗಾದ್ರ ಮುಗೀತು. ಮನ್ಯಾಗ ಕಾಯೋದೂ ಒಂದ, ರೈಲಿನಾಗ ಕುಂತು ಕಾಯೋದೂ ಒಂದ.

ನರ್ಸ್: ಅದು ಹೆಂಗ ಒಂದ ಆಗತೈತಿ ಮಾವ? ಮನ್ಯಾಗ ನಡುರಾತ್ರಿ ನೋವು ಬಂದ್ರ ಕಂಪ್ಲಿಯಿಂದ ಹೊಸಪೇಟಿ ಮೂವತ್ತು ಕಿಲೋಮೀಟರ್ ಆಜುಬಾಜು. ಯಾರಾದ್ರೂ ಗಾಡಿ ತೆಗೀತಾರ, ಒಂದು ತಾಸಿನಾಗ ಇಂಜೆಕ್ಷನ್ ಬೀಳತೈತಿ. ರೈಲು ಎರಡು ರಾತ್ರಿ ಓಡತೈತಿ. ನಡುವಿನಾಗ ನೋವು ಶುರುವಾದ್ರ ಮುಂದಿನ ಸ್ಟೇಷನ್ ಬರೋತನಕ ಬರ್ತ್ ಮ್ಯಾಲ ಉರುಳಾಡಬೇಕು. ನೋವು ಹೆಂಗಿರತೈತಿ ಅಂತ ನಿಮಗ ನಾನು ಹೇಳಬೇಕಾ?

ರೈತ: ಹೇಳಬ್ಯಾಡ. ಆ ರಾತ್ರಿ ನಾನು ನಿಂದ್ರಲಿಲ್ಲ, ಕೂಡ್ರಲಿಲ್ಲ. ಆದ್ರ ನೀನು ಒಂದು ಮಾತಿಗೆ ಉತ್ತರ ಕೊಡು. ಕಾಶಿಯಾಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ದೊಡ್ಡ ಆಸ್ಪತ್ರಿ ಐತಿ. ಪ್ರಯಾಗದಾಗ, ಗಯಾದಾಗ ಸರ್ಕಾರಿ ಮೆಡಿಕಲ್ ಕಾಲೇಜು ಅದಾವ. ಕಂಪ್ಲಿಯಾಗ ಏನೈತಿ? ದೊಡ್ಡ ಬ್ಯಾನಿ ಬಂದ್ರ ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೊಂಡಬೇಕು. ತುಂಗಭದ್ರಾ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ರ ಗಂಗಾವತಿ ಸೇತುವಿ ಮುಳುಗತೈತಿ. 2024ರ ಆಗಸ್ಟ್‌ನಾಗ ಡ್ಯಾಮಿನ ಹತ್ತೊಂಬತ್ತನೇ ಗೇಟು ಕೊಚ್ಚಿಹೋದಾಗ ಹೊಳಿ ದಂಡಿ ಮಂದಿ ಎಷ್ಟು ರಾತ್ರಿ ನಿದ್ದಿ ಮಾಡಿಲ್ಲ? ಊರಾಗ ಇದ್ದವನು ಗಟ್ಟಿ, ಊರು ಬಿಟ್ಟವನು ಕೆಟ್ಟ ಅನ್ನೋದು ಯಾವ ಲೆಕ್ಕ?

ನರ್ಸ್: ಕಾಶಿ ಮುಟ್ಟಿದ ಮ್ಯಾಲ ನನಗ ಅಷ್ಟು ಚಿಂತಿ ಇಲ್ಲ. ಒಪ್ಕೊಂತೀನಿ. ಸಂಡೂರಿಗಿಂತ ಅಲ್ಲಿ ಸೌಕರ್ಯ ಹೆಚ್ಚು ಇರಬೌದು. ನನ್ನ ಚಿಂತಿ ನಡುವಿನ ದಾರಿದು. ಮತ್ತ ಅಲ್ಲಿ ಅಡ್ಮಿಟ್ ಆದ್ರ ಊರಿನವರು ನಿಮಗೋಸ್ಕರ ನಿಂದ್ರತಾರಾ? ಅವರ ಟಿಕೆಟ್ ಅವರಿಗೆ. ಅತ್ತಿಗೆ ಹಿಂದಿ ಬರಂಗಿಲ್ಲ. ಆಕಿ ಒಬ್ಬಾಕಿ ಆ ಆಸ್ಪತ್ರಿ ಕಾರಿಡಾರ್‌ನಾಗ ಏನು ಮಾಡಬೇಕು?

ರೈತರು ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಆದರೂ ಅವರು ಎತ್ತಿದ ಮಾತನ್ನು ಹಾಗೇ ಬಿಡುವಂತಿಲ್ಲ. 'ಊರಲ್ಲೇ ಇರಿ, ಆಸ್ಪತ್ರೆ ಹತ್ತಿರ ಇರಿ' ಎಂಬ ಸಲಹೆ ಬೆಂಗಳೂರಿನವರಿಗೆ ಸಲೀಸು. ಸಂಡೂರಿನ ಗುಡ್ಡದ ಸಂದಿನ ಹಳ್ಳಿಯವರಿಗೆ, ಹೊಳೆದಂಡೆಯವರಿಗೆ ಆಸ್ಪತ್ರೆ ಯಾವಾಗಲೂ ಒಂದು ಪ್ರಯಾಣವೇ. ಅವರು ಹೋಗಬೇಡಿ ಅನ್ನುವ ಮಾತನ್ನು ಅನುಮಾನದಿಂದ ಕೇಳಿದರೆ ತಪ್ಪೇನಿಲ್ಲ.

ನರ್ಸ್: ಅದಕ್ಕ ನಾನು ಹೇಳೋದು, ಈ ವಾರನ ಲೇಸರ್ ಮಾಡಿಸ್ಬಿಡ್ರಿ. ಒಂದಕ್ಕ ಹೋಗೋ ದಾರಿಯಾಗ ಸಣ್ಣ ದುರ್ಬೀನು ಬಿಟ್ಟು ಕಲ್ಲು ಪುಡಿ ಮಾಡ್ತಾರ. ಹೊಟ್ಟಿ ಕೊಯ್ಯಂಗಿಲ್ಲ. ಒಂದೆರಡು ದಿನಕ್ಕ ಮನಿಗೆ ಬರ್ತೀರಿ. ನಾಳ ಊದಿಕೊಂಡು ಮುಚ್ಚಿಕೋಬಾರ್ದು ಅಂತ ಒಳಗ ಸ್ಟೆಂಟ್ ಅಂತ ಒಂದು ಸಣ್ಣ ನಳಿಗೆ ಇಡ್ತಾರ, ಒಂದೆರಡು ವಾರಕ್ಕ ತೆಗೀತಾರ. ಐದು ವಾರ ಐತಲ್ಲ, ಎಲ್ಲಾ ಮುಗಿಸಿಕೊಂಡು ಹಗುರಾಗಿ ಹೋಗಿಬರ್ರಿ.

ರೈತ: ಸ್ಟೆಂಟಿನ ಮಾತು ಎತ್ತಬ್ಯಾಡ. ನಮ್ಮ ಓಣಿ ಹುಡುಗ ಸ್ಟೆಂಟ್ ಇಟ್ಕೊಂಡು ಶ್ರೀಶೈಲಕ್ಕ ಹೋಗಿದ್ದ. ತಾಸಿಗೊಮ್ಮಿ ಬಸ್ ನಿಲ್ಲಿಸ್ರಿ ಅಂತಿದ್ನಂತ. ಒಂದಕ್ಕ ಹೋದಾಗೆಲ್ಲ ಉರಿ, ಕೆಂಪಗ ಬರೋದು, ಬೆನ್ನಿಗೆ ಹಿಡಿದಂಗ ಆಗೋದು. ಕಲ್ಲಿಗಿಂತ ಅದೇ ಕಷ್ಟ ಆತು ಅಂತಾನ. ಆರಾಮ ಇದ್ದವನ್ನ ಕರಕೊಂಡು ಹೋಗಿ ಬ್ಯಾನಿಯವನ್ನ ಮಾಡಿ ಕಳಿಸಿದ್ರ ನಾನು ಯಾರಿಗೆ ಹೇಳಬೇಕು?

ನರ್ಸ್: ಸ್ಟೆಂಟ್ ತ್ರಾಸು ಕೊಡತೈತಿ, ಖರೆ. ಎಲ್ಲಾರಿಗೂ ಅಷ್ಟು ಕೊಡಂಗಿಲ್ಲ, ಆದ್ರ ಬಾಳ ಮಂದಿಗೆ ಕೊಡತೈತಿ. ಅದಕ್ಕನ ಈ ವಾರ ಅಂದೆ. ಮೂರು ವಾರ ತಡ ಮಾಡಿದ್ರ ಸ್ಟೆಂಟ್ ಇಟ್ಕೊಂಡೇ ರೈಲು ಹತ್ತಬೇಕಾಗತೈತಿ.

ರೈತ: ಹೊರಗಿನಿಂದ ಏನೋ ಮಷೀನಿಂದ ಒಡೀತಾರಂತಲ್ಲ, ಅದನ್ನ ಹೊಂಡೋ ಹಿಂದಿನ ವಾರ ಮಾಡಿಸಿದ್ರ? ಕೊಯ್ಯೋದಿಲ್ಲ, ನಳಿಗೆ ಇಡೋದಿಲ್ಲ.

ನರ್ಸ್: ಅದನ್ನ ಮಾತ್ರ ಹಂಗ ಮಾಡಬ್ಯಾಡ್ರಿ. 1980ರಾಗ ಜರ್ಮನಿಯ ಮ್ಯೂನಿಕ್‌ನಾಗ ಶುರುವಾದ ಪದ್ಧತಿ ಅದು, ಚಲೋ ಪದ್ಧತಿನೇ. ಹೊರಗಿನಿಂದ ಅಲೆ ಬಿಟ್ಟು ಕಲ್ಲು ಚೂರು ಮಾಡ್ತಾರ. ಆದ್ರ ಚೂರು ಅವತ್ತೇ ಬೀಳಂಗಿಲ್ಲ. ದಿನಗಟ್ಟಲೆ, ವಾರಗಟ್ಟಲೆ ಬೀಳ್ತಾ ಇರತಾವ. ಒಂದೊಂದು ಚೂರೂ ನಾಳಕ್ಕ ಸಿಕ್ಕಿ ನೋವು ತರಬೌದು. ಕೆಲವರಿಗೆ ಎರಡನೇ ಸಲ ಮಾಡಬೇಕಾಗತೈತಿ. ಪ್ರಯಾಣದ ಹಿಂದಿನ ವಾರ ಅದನ್ನ ಮಾಡಿಸೋದು ಅಂದ್ರ ಚೂರಿನ ಚೀಲ ಹೊತ್ಕೊಂಡು ರೈಲು ಹತ್ತೋದು.

ರೈತ: ಲೇಸರ್ ಮಾಡಿಸಿದ್ರ ಮತ್ತ ಬರಂಗಿಲ್ಲ ಅಂತ ಬರೆದುಕೊಡ್ತೀರಾ?

ನರ್ಸ್: ಇಲ್ಲ. ಒಮ್ಮಿ ಬಂದವರಿಗೆ ಹತ್ತು ವರ್ಷದೊಳಗ ಅರ್ಧದಷ್ಟು ಮಂದಿಗೆ ಮತ್ತ ಬರತೈತಿ ಅಂತಾರ. ಲೇಸರ್ ಈ ಕಲ್ಲು ತೆಗೀತೈತಿ, ಕಲ್ಲು ಆಗೋ ಮೈಗುಣ ತೆಗೆಯಂಗಿಲ್ಲ.

ರೈತ: ರೊಕ್ಕದ ಮಾತು ನೀನು ಎತ್ತೇ ಇಲ್ಲ. ಭತ್ತ ಇನ್ನೂ ಗದ್ದಿಯಾಗ ಐತಿ. ಯಾತ್ರಿಗೆ ಇಟ್ಟ ರೊಕ್ಕ ಆಸ್ಪತ್ರಿಗೆ ಕೊಟ್ರ ಆಸ್ಪತ್ರಿನೇ ನನ್ನ ಯಾತ್ರಿ ಆಗತೈತಿ.

ನರ್ಸ್: ಆಯುಷ್ಮಾನ್ ಕಾರ್ಡ್ ಐತಲ್ಲ ಮಾವ, ಬಿ.ಪಿ.ಎಲ್. ಕುಟುಂಬಕ್ಕ ವರ್ಷಕ್ಕ 5 ಲಕ್ಷದತನಕ ಐತಿ. ನೀವು ಸಹಕಾರ ಸಂಘದ ಸದಸ್ಯರು, ಯಶಸ್ವಿನಿನೂ ಐತಿ. ಯಾವ ಆಸ್ಪತ್ರಿಯಾಗ ಯಾವ ಚಿಕಿತ್ಸಿಗೆ ನಡೀತೈತಿ ಅಂತ ಮೊದಲೇ ಕೇಳ್ಕೊಂಡು ಹೋಗಬೇಕು. ಸರ್ಕಾರಿ ಆಸ್ಪತ್ರಿಯಿಂದ ರೆಫರಲ್ ಚೀಟಿ ಬೇಕಾಗಬೌದು. ಅದನ್ನೆಲ್ಲ ನಾನು ನೋಡ್ಕೊಂತೀನಿ.

ರೈತ: ಅದಾತು. ಆದ್ರ ನೀನು ನಮ್ಮ ಮದ್ದಿಗೆ ಬೆಲೆನೇ ಕೊಡಂಗಿಲ್ಲ. ಕಮಲಾಪುರ, ಕಂಪ್ಲಿ ಅಂದ್ರ ಬಾಳಿ ಸೀಮಿ. ಬಾಳೆದಿಂಡಿನ ರಸ ದಿನಾ ಮುಂಜಾನೆ ಕುಡೀತೀನಿ. ನಿಮ್ಮತ್ತಿ ಹುರುಳಿ ಕಟ್ಟು ಮಾಡ್ತಾಳ. ನೆಗ್ಗಿಲ ಮುಳ್ಳಿನ ಕಷಾಯನೂ ಆತು. ನಮ್ಮಪ್ಪಗ ಇದರಿಂದನ ಕಲ್ಲು ಬಿತ್ತು.

ನರ್ಸ್: ಅಜ್ಜನ ಕಲ್ಲು ಬಿತ್ತು, ಖರೆ. ಅದು ದಿಂಡಿನಿಂದ ಬಿತ್ತೋ, ಬೀಳೋ ಅಳತಿದ್ದು ಬಿತ್ತೋ, ಈಗ ಹೆಂಗ ಹೇಳಬೇಕು? ಅರ್ಧ ಮಂದಿಗೆ ಏನೂ ಮಾಡದಿದ್ರೂ ಬೀಳತೈತಿ. ಅವರೆಲ್ಲ ತಾವು ಕಡೀಕ ಕುಡಿದಿದ್ದಕ್ಕ ಹೆಸರು ಕೊಡ್ತಾರ. ನಾನು ದಿಂಡು ಬ್ಯಾಡ ಅನ್ನಂಗಿಲ್ಲ. ಹುರುಳಿ ಕಟ್ಟು ಉಣ್ರಿ, ಉಪ್ಪು ಕಡಿಮಿ ಹಾಕಿಸ್ರಿ ಅಷ್ಟ. ಆದ್ರ ದಿಂಡು ಕುಡೀತೀನಿ, ಸ್ಕ್ಯಾನಿಂಗ್ ಬ್ಯಾಡ ಅನ್ನೋದು ಬ್ಯಾಡ.

ರೈತ: ಸುಶ್ರುತನ ಕಾಲದಿಂದ ಈ ಮದ್ದು ನಡೆದುಬಂದಾವ.

ನರ್ಸ್: ಸುಶ್ರುತ ಮದ್ದೂ ಹೇಳ್ಯಾನ, ಮದ್ದಿಗೆ ಬಗ್ಗದಿದ್ರ ಮೂತ್ರಚೀಲದ ಕಲ್ಲು ಕೊಯ್ದು ತೆಗೆಯೋದನ್ನೂ ಹೇಳ್ಯಾನ.

ರೈತ: ಅದನ್ನ ಕಡೀ ಉಪಾಯ ಅಂತನೂ ಹೇಳ್ಯಾನ. ಕೈ ಪಳಗಿದವನಿಗೂ ಫಲ ಗ್ಯಾರಂಟಿ ಇಲ್ಲ, ಬಿಟ್ರ ಸಾವು ಖಚಿತ ಅನ್ನುವಾಗ ಮಾತ್ರ, ಅದೂ ದೊರಿಯ ಅಪ್ಪಣಿ ತಗೊಂಡು ಮಾಡು ಅಂತ. ನಮ್ಮ ಊರಿನ ಪಂಡಿತರು ಓದಿ ಹೇಳ್ಯಾರ.

ನರ್ಸ್: ಆವಾಗ ಅರಿವಳಿಕಿ ಇರಲಿಲ್ಲ, ಆಂಟಿಬಯೋಟಿಕ್ ಇರಲಿಲ್ಲ ಮಾವ. ಆದ್ರೂ ಆ ಮಾತು ನನಗ ಹಿಡಿಸತೈತಿ. ಕೊಯ್ಯೋದಕ್ಕ ಅವಸರ ಬ್ಯಾಡ, ಬಿಟ್ರ ಏನಾಗತೈತಿ ಅನ್ನೋದನ್ನೂ ಮರಿಬ್ಯಾಡ. ಈಗಿನ ಡಾಕ್ಟರೂ ಅದನ್ನೇ ತೂಗಿ ನೋಡ್ತಾರ.

ರೈತ: ನೀರಾದ್ರೂ ಸರಿ ಕುಡೀತೀನೋ ಇಲ್ಲೋ? ದಿನಾ ಮುಂಜಾನೆ ಎದ್ದು ಒಂದು ಚೆರಿಗಿ ಪೂರಾ ಗಟಗಟ ಕುಡೀತೀನಿ. ಹಾಲು, ಮೊಸರು, ಟೊಮೆಟೊ ಎಲ್ಲಾ ಬಿಟ್ಟೀನಿ.

ನರ್ಸ್: ಅಯ್ಯ, ಮೊಸರು ಯಾಕ ಬಿಟ್ರಿ? ಬಾಳ ಮಂದಿ ಇದೇ ತಪ್ಪು ಮಾಡ್ತಾರ. ಕಲ್ಲಿನಾಗ ಕ್ಯಾಲ್ಸಿಯಂ ಐತಿ, ಅದಕ್ಕ ಹಾಲು ಬಿಡೂಣು ಅಂತ. ಅಮೆರಿಕದಾಗ 45 ಸಾವಿರ ಗಂಡಸರನ್ನ ವರ್ಷಗಟ್ಟಲೆ ಗಮನಿಸಿ 1993ರಾಗ ಒಂದು ಅಧ್ಯಯನ ಬಂತು. ಊಟದಾಗ ಕ್ಯಾಲ್ಸಿಯಂ ಹೆಚ್ಚಿದ್ದವರಿಗೇ ಕಲ್ಲು ಕಡಿಮಿ. ಸೊಪ್ಪು, ಶೇಂಗಾದಾಗಿನ ಆಕ್ಸಲೇಟನ್ನ ಮೊಸರಿನ ಕ್ಯಾಲ್ಸಿಯಂ ಹೊಟ್ಟಿಯಾಗೇ ಹಿಡಿದು ಹೊರಗ ಹಾಕತೈತಿ, ರಕ್ತಕ್ಕ ಹೋಗಾಕ ಬಿಡಂಗಿಲ್ಲ. ಬಿಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಜೀ ಹೊತ್ತಿನ ಮಿರ್ಚಿ ಒಗ್ಗರಣಿ. ಪಾಲಕ್ ಕಡಿಮಿ ಮಾಡ್ರಿ. ನಿಂಬಿಹಣ್ಣಿನ ನೀರು ಕುಡೀರಿ, ಸಕ್ರಿ ಉಪ್ಪು ಜಾಸ್ತಿ ಹಾಕದಂಗ.

ರೈತ: ನೀರು?

ನರ್ಸ್: ಒಮ್ಮಿಗೇ ಚೆರಿಗಿ ಕುಡಿಯೋದರಿಂದ ನಾಳದ ಕಲ್ಲು ಕೊಚ್ಚಿಕೊಂಡು ಹೋಗಂಗಿಲ್ಲ. ನೋವು ಇರುವಾಗ ಹಂಗ ಕುಡಿದ್ರ ನೋವು ಏರಬೌದು. ದಿನಪೂರ್ತಿ ಹಂಚಿ ಕುಡೀಬೇಕು. ಎಷ್ಟು ಕುಡಿದ್ರಿ ಅನ್ನೋದು ಲೆಕ್ಕ ಅಲ್ಲ, ಎಷ್ಟು ಹೊರಗ ಹೋತು ಅನ್ನೋದು ಲೆಕ್ಕ. ದಿನಕ್ಕ ಎರಡೂವರೆ ಲೀಟರ್ ಮೂತ್ರ ಹೋಗಬೇಕು. ಗದ್ದಿಯಾಗ ಬೆವರು ಹರಿಸಿದ ದಿನ ಅದಕ್ಕ ಎಷ್ಟು ನೀರು ಬೇಕು ನೀವೇ ನೋಡ್ರಿ.

ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಕುಡಿದ ನೀರೆಲ್ಲ ಬೆವರಾಗಿ ಹೋದರೆ ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ, ಅದರಲ್ಲಿ ಕರಗಿದ್ದು ಹರಳುಗಟ್ಟುತ್ತದೆ. ಬಿಸಿ ಸೀಮೆಗಳಲ್ಲಿ ಕಲ್ಲು ಹೆಚ್ಚಾಗಲು ಮುಖ್ಯ ಕಾರಣ ಇದೇ. ಆದರೆ ಇಲ್ಲಿ ಬಿಸಿಲಿನಷ್ಟೇ ದೊಡ್ಡ ಕಾರಣ ಇನ್ನೊಂದಿದೆ, ಅದರ ಬಗ್ಗೆ ನಾವು ಬಾಯಿಬಿಟ್ಟು ಮಾತಾಡುವುದಿಲ್ಲ. ಮುಂದಿನ ಮಾತು ಅದರ ಬಗ್ಗೆ. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದೂ ಅದೇ.

ನರ್ಸ್: ಕಬ್ಬು ಕಡಿಯೋ ಹೆಣ್ಣುಮಕ್ಕಳು, ಕಂಪ್ಲಿಯಾಗ ನಾಟಿ ಮಾಡೋರು ಬರ್ತಾರ ಮಾವ. ದಿನಕ್ಕ ಎಷ್ಟು ನೀರು ಕುಡೀತೀಯಮ್ಮ ಅಂದ್ರ ನಗ್ತಾರ. ಕುಡಿದ್ರ ಎಲ್ಲಿಗೆ ಹೋಗಬೇಕಕ್ಕಾ ಅಂತಾರ. ಹೊಲದಾಗ ಮರಿ ಇಲ್ಲ, ಗಂಡಸರು ಇರ್ತಾರ. ಅದಕ್ಕ ಮುಂಜಾನಿಂದ ಸಂಜಿತನಕ ನಾಲಿಗಿ ಒಣಗಿಸಿಕೊಂಡೇ ಇರ್ತಾರ. ಸಂಡೂರು ಕಡಿ ಅದಿರಿನ ಲಾರಿ ಡ್ರೈವರ್‌ಗಳು ಸಾಲಿನಾಗ ನಿಂತಾಗ ಇಳಿಯಾಕ ಆಗಂಗಿಲ್ಲ ಅಂತ ನೀರೇ ಮುಟ್ಟಂಗಿಲ್ಲ. ಹಂಪಿ ನೋಡಾಕ ಬಂದವರೂ ಅಷ್ಟ. ವಿರೂಪಾಕ್ಷನ ಗುಡಿಯಿಂದ ಹೊಳಿ ದಂಡಿಗುಂಟ ವಿಠ್ಠಲನ ಗುಡಿತನಕ ಬಂಡಿ ಕಾದ ಬಿಸಿಲಿನಾಗ ನಡೀತಾರ, ಬಾಟ್ಲಿ ಕೈಯಾಗ ಇರತೈತಿ, ಹೆಣ್ಣುಮಕ್ಕಳು ಗುಟುಕು ಲೆಕ್ಕ ಹಾಕಿ ಕುಡೀತಾರ.

ರೈತ: ನಿಮ್ಮತ್ತಿನೂ ಅಷ್ಟ. ಬಸ್ಸು ಹತ್ತೋ ಹಿಂದಿನ ರಾತ್ರಿಯಿಂದನ ನೀರು ನಿಲ್ಲಿಸ್ತಾಳ. ಗೊಬ್ಬರದ ಅಂಗಡಿಗೆ ಬಂದಾಗ ನಾನೂ ಕುಡಿಯಂಗಿಲ್ಲ. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕ ಹೋಗಾಕ ಮನಸ್ಸು ಒಪ್ಪಂಗಿಲ್ಲ.

ನರ್ಸ್: ಹಂಗಾದ್ರ ಯಾತ್ರಿಯಾಗ ನೀವು ಹೆಂಗ ಇರ್ತೀರಿ ಅನ್ನೋದು ನನಗ ಈಗಲೇ ಗೊತ್ತು. ಎರಡು ರಾತ್ರಿ ರೈಲು, ನೀರು ಬ್ಯಾಡ. ಘಾಟಿನ ಮ್ಯಾಲ ನೂಕುನುಗ್ಗಲು, ನೀರು ಬ್ಯಾಡ. ಶ್ರಾದ್ಧದ ದಿನ ಉಪವಾಸ, ನೀರು ಬ್ಯಾಡ. ಇರೋ ಕಲ್ಲು ಬಿಡ್ರಿ, ಹೊಸ ಕಲ್ಲು ಆಗಾಕ ಇದಕ್ಕಿಂತ ಬೇರೆ ಬೇಕಾ?

ರೈತ: ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲವ್ವ. ಕೆಳಗಿನ ಬರ್ತ್ ಐತಿ, ಬಾಗಿಲ ಹತ್ರ. ಕುಡೀತೀನಿ. ಆಕಿಗೂ ಕುಡಿಸ್ತೀನಿ.

ನರ್ಸ್: ಹಿಂಗೆಲ್ಲ ತ್ರಾಸು ಪಟ್ಟು ಹೋಗೋ ಬದಲು ಮುಂದಿನ ವರ್ಷ ಹೋದ್ರ ಏನಾಗತೈತಿ? ಕಾಶಿ ಎಲ್ಲಿಗೂ ಓಡಿಹೋಗಂಗಿಲ್ಲ.

ರೈತ: ಕಾಶಿ ಓಡಿಹೋಗಂಗಿಲ್ಲ. ನಾವು ಹೋಗ್ತೀವಿ. ನಮ್ಮಣ್ಣನೂ ಮುಂದಿನ ವರ್ಷ ಅಂದ. ಮೊದಲು ಮಗಳ ಮದುವಿ ಅಂದ, ಆಮ್ಯಾಲ ಬೋರ್‌ವೆಲ್ ಅಂದ, ಆಮ್ಯಾಲ ಮೊಣಕಾಲು ಸರಿ ಆಗಲಿ ಅಂದ. ಗಯಾದಾಗ ನಮ್ಮವ್ವಗ ಪಿಂಡ ಇಡಬೇಕಾದವನು ಅವನು. ಈಗ ಅವನ ಪಿಂಡನೂ ನಾನೇ ಇಡಬೇಕು. ನನ್ನ ವಯಸ್ಸಿನಾಗ ಮೈ ಪೂರಾ ನೆಟ್ಟಗಾದ ಮ್ಯಾಲ ಹೊಂಡ್ತೀನಿ ಅಂದ್ರ ಯಾವತ್ತೂ ಹೊಂಡಂಗಿಲ್ಲ. ಇವತ್ತು ಕಲ್ಲು, ನಾಳೆ ಸಕ್ರಿ ಕಾಯಿಲಿ, ನಾಡದು ಕಣ್ಣಿನ ಪೊರಿ. ನಿಮ್ಮ ಆಸ್ಪತ್ರಿ ಚೀಟಿಯಾಗ ಬರೀ ಕಿಡ್ನಿ ಇರತೈತಿ. ನನಗ ಬ್ಯಾರೆ ಋಣ ಅದಾವ.

ನರ್ಸ್: ಮಾವ, ನಾನು ಹಂಗ ಹೇಳಬಾರದಿತ್ತು.

ರೈತ: ಇರಲಿ. ನೀನು ನನ್ನ ಒಳ್ಳೇದಕ್ಕ ಹೇಳಿದಿ.

ನರ್ಸ್: ಹಂಗಾದ್ರ ಹೋಗಬ್ಯಾಡ ಅನ್ನೋ ಮಾತು ನಾನು ಬಿಡ್ತೀನಿ. ನೀವು ಮೂರು ವಾರ ಸುಮ್ನ ಕಾಯೋದನ್ನ ಬಿಡ್ರಿ. ಹತ್ತು ದಿನಕ್ಕ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸೂಣು, ಅನುಮಾನ ಇದ್ರ ಸಿ.ಟಿ. ಮಾಡಿಸೂಣು. ಅಲ್ಲಿತನಕ ಟೀ ಸೋಸೋ ಜರಡಿಯಾಗ ಸೋಸಿ ನೋಡ್ರಿ. ಕಲ್ಲು ಬಿದ್ರ ಡಬ್ಬಿಯಾಗ ಇಟ್ಟು ತರ್ರಿ, ಅದು ಯಾವ ಜಾತಿ ಕಲ್ಲು ಅಂತ ಪರೀಕ್ಷಿ ಮಾಡ್ತಾರ. ಯೂರಿಕ್ ಆಸಿಡ್ ಕಲ್ಲಾಗಿದ್ರ ಮುಂದ ಗುಳಗಿಯಿಂದ ಕರಗಿಸೋ ದಾರಿನೂ ಐತಿ.

ರೈತ: ಹತ್ತು ದಿನಕ್ಕೂ ಬೀಳದಿದ್ರ?

ನರ್ಸ್: ಊತ ಹೆಚ್ಚಾಗಿದ್ರ ಅವತ್ತೇ ಲೇಸರ್. ಆಮ್ಯಾಲೂ ಮೂರೂವರಿ ವಾರ ಉಳೀತೈತಿ, ಸ್ಟೆಂಟ್ ತೆಗೆಸಿಕೊಂಡೇ ಹೋಗಬೌದು. ಊತ ಇಳಿದಿದ್ರ, ಕಲ್ಲು ಇನ್ನೂ ಕೆಳಗ ಸರಿದಿದ್ರ, ಡಾಕ್ಟರ್ ಏನಂತಾರೋ ಕೇಳೂಣು. ನನ್ನ ಕೇಳಿದ್ರ ಆಗಲೂ ಮಾಡಿಸ್ರಿ ಅಂತೀನಿ.

ರೈತ: ನನ್ನ ಕೇಳಿದ್ರ ಆಗ ಗುಳಗಿ ಕಟ್ಟಿಸಿಕೊಂಡು ಹೊಂಡ್ತೀನಿ ಅಂತೀನಿ.

ನರ್ಸ್: ಹೊಂಡ್ರಿ, ಆದ್ರ ಮೆಡಿಕಲ್ ಶಾಪಿನಾಗ ಸಿಕ್ಕ ನೋವಿನ ಗುಳಗಿ ಅಲ್ಲ. ನಿಮಗ ಬಿ.ಪಿ. ಐತಿ. ನೀರಿಲ್ಲದ ಮೈಗೆ ಡೈಕ್ಲೋಫೆನಾಕ್ ಮ್ಯಾಲ ಡೈಕ್ಲೋಫೆನಾಕ್ ನುಂಗಿದ್ರ ಚಲೋ ಇರೋ ಕಿಡ್ನಿಗೂ ಪೆಟ್ಟು. ಡಾಕ್ಟರ್ ಎಷ್ಟು ಬರೀತಾರೋ ಅಷ್ಟ. ಸ್ಕ್ಯಾನಿಂಗ್ ರಿಪೋರ್ಟು ನಿಮ್ಮ ಚೀಲದಾಗೊಂದು, ಅತ್ತಿ ಚೀಲದಾಗೊಂದು. ಮತ್ತ ಇದೊಂದು ಮಾತು ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳ್ರಿ. ಚಳಿಜ್ವರ ಬಂದ್ರ, ಇಲ್ಲಾ ಮೂತ್ರ ನಿಂತ್ರ, ಇಲ್ಲಾ ವಾಂತಿ ನಿಲ್ಲದೆ ನೀರೂ ಒಳಗ ಉಳಿಯದಿದ್ರ, ಗಯಾ ಇನ್ನೊಂದೇ ತಾಸು ಅಂದ್ರೂ ಮುಂದಿನ ಸ್ಟೇಷನ್‌ನಾಗ ಇಳಿದು ಆಸ್ಪತ್ರಿಗೆ ಹೋಗಬೇಕು. ಕಟ್ಟಿಕೊಂಡ ಕಿಡ್ನಿಯಾಗ ಸೋಂಕು ಸೇರಿದ್ರ ಅದು ತಾಸಿನ ಲೆಕ್ಕದಾಗ ರಕ್ತಕ್ಕ ಏರತೈತಿ. ಅದು ಸಾವು ಬದುಕಿನ ಮಾತು.

ರೈತ: ಜ್ವರ ಬಂದ್ರ ಇಳೀತೀನಿ. ನಿನ್ನ ಆಣಿ. ಪಿಂಡ ಇಡೋ ಕೈನೇ ಇಲ್ಲಂದ್ರ ಗಯಾ ಮುಟ್ಟಿ ಏನು ಮಾಡ್ಲಿ?

ನರ್ಸ್: ಲೇಸರ್ ಆದ್ರ ಸ್ಟೆಂಟ್ ತೆಗೆಯೋ ತಾರೀಕು ಬರೆಸಿಕೊಂಡು ಬರ್ತೀನಿ. ನಿಮ್ಮ ಕ್ಯಾಲೆಂಡರ್‌ನಾಗ ಗೀಟು ಹಾಕ್ತೀನಿ. ಮರ್ತು ಯಾತ್ರಿಗೆ ಹೋದ್ರ, ಬಂದ ಮ್ಯಾಲ ಸುಗ್ಗಿ, ಸುಗ್ಗಿ ಆದ ಮ್ಯಾಲ ಮದುವಿ. ಹಂಗ ಮರ್ತು ವರ್ಷ ಕಳೆದು ಬಂದವರನ್ನ ನೋಡೀನಿ. ಸ್ಟೆಂಟಿನ ಸುತ್ತ ಕಲ್ಲು ಕಟ್ಟಿ, ಎಳೆದ್ರ ಬರಂಗಿಲ್ಲ. ಸಣ್ಣದಾಗಿ ಮುಗಿಯೋದು ದೊಡ್ಡ ಆಪರೇಷನ್ ಆಗತೈತಿ.

ರೈತ: ಲೇಸರ್ ಆದ್ರ ಅಂದಿ. ಆಗತೈತಿ ಅಂತ ನಾನು ಇನ್ನೂ ಒಪ್ಪಿಲ್ಲ.

ನರ್ಸ್: ಹೋಗಬೌದು ಅಂತ ನಾನೂ ಇನ್ನೂ ಒಪ್ಪಿಲ್ಲ ಮಾವ.

ಇಬ್ಬರೂ ಒಪ್ಪಿದ್ದು ಹತ್ತು ದಿನದ ನಂತರದ ಸ್ಕ್ಯಾನಿಂಗ್ ಒಂದನ್ನೇ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಕಲ್ಲಿನ ಚಿಕಿತ್ಸೆ ಆಗಿದ್ದರೆ ಡಿಸ್ಚಾರ್ಜ್ ಚೀಟಿಯನ್ನು ಇವತ್ತೇ ತೆಗೆದು ನೋಡಿ. ಅದರಲ್ಲಿ ಡಿ.ಜೆ. ಸ್ಟೆಂಟ್ (ಮೇಲೆ ಹೇಳಿದ ಮೂತ್ರನಾಳದ ಸ್ಟೆಂಟ್) ಎಂದು ಬರೆದಿದ್ದು, ಅದನ್ನು ತೆಗೆಸಿದ ನೆನಪು ಇಲ್ಲದಿದ್ದರೆ, ನೋವಿಲ್ಲ ಎಂದು ಸುಮ್ಮನಿರದೆ ಈ ವಾರವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.